ಸಂತೆಯ ಸೋಗು, ಗೊಂಬೆಗಾರನ ನೆರಳು

ಚೌಕಾಶಿ ಮಾಡದೆ ತಂದ ವಸ್ತುವನ್ನು ನಮ್ಮ ಅಮ್ಮ ಖರೀದಿ ಎಂದು ಒಪ್ಪುತ್ತಿರಲಿಲ್ಲ. ರಮಝಾನಿನ ಸಂಜೆಗಳಲ್ಲಿ ಶಿವಾಜಿನಗರದ ಬಜಾರಿಗೆ ನಮ್ಮನ್ನು ಕರೆದೊಯ್ದರೆ, ಒಂದು ಡಜನ್ ಬಳೆಗೆ ಮೂರು ಸಲ ಅಂಗಡಿಯ ಮೆಟ್ಟಿಲಿಳಿದು ನಾಲ್ಕನೆಯ ಸಲ ವಾಪಸು ಹೋಗುತ್ತಿದ್ದರು. ಬಳೆಗಾರನಿಗೂ ಅದು ಗೊತ್ತು. ಆ ನಡುವೆ ಇಬ್ಬರೂ ಪರಸ್ಪರರ ಮಕ್ಕಳ ಓದು, ಮದುವೆ, ಕಾಯಿಲೆ ಎಲ್ಲವನ್ನೂ ವಿಚಾರಿಸಿಕೊಂಡಿರುತ್ತಿದ್ದರು. ಈ ಅಭ್ಯಾಸದ ನಾಲಿಗೆಯನ್ನು ಹೊತ್ತುಕೊಂಡೇ ನಾವು ಅಮೆರಿಕದ ಫ್ಲಾರಿಡಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಅಲ್ಲಿನ ಡಿಸ್ನಿ ಪಾರ್ಕಿನ ಒಂದು ಸಂತೆಯಲ್ಲಿ ಗೊಂಬೆಯೊಂದನ್ನು ಕೈಗೆತ್ತಿಕೊಂಡು, ಸ್ವಲ್ಪ ಕಡಿಮೆ ಮಾಡಬಹುದೇ ಎಂದು ಕೇಳಿಯೇಬಿಟ್ಟೆವು. ಮಾರುವ ಹುಡುಗಿ ನಗುತ್ತ ಬೇರಾವುದೋ ಗ್ರಹದ ಶುಭಾಶಯ ಹೇಳಿದಳು. ತಂಗಿಯ ಮಗಳು ನಮ್ಮ ಅಂಗಿಯ ತುದಿ ಎಳೆದಳು: "ಮಾಮು, ಇಲ್ಲಿ ಹಾಗೆಲ್ಲ ಕೇಳಬಾರದು."

ಆ ಸಂತೆ ಇರುವುದು 'ಸ್ಟಾರ್ ವಾರ್ಸ್' ಚಲನಚಿತ್ರಗಳ ಆಧಾರದಲ್ಲಿ ಕಟ್ಟಿದ 'ಗ್ಯಾಲಕ್ಸೀಸ್ ಎಡ್ಜ್' ಎಂಬ ಲೋಕದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಮೇ 31ರಂದು, ಫ್ಲಾರಿಡಾದಲ್ಲಿ ಅದೇ ವರ್ಷದ ಆಗಸ್ಟ್ 29ರಂದು ಇದು ತೆರೆಯಿತು. ಒಂದೊಂದೂ ಸುಮಾರು 14 ಎಕರೆ. ಒಳಗೆ ಕಾಲಿಟ್ಟರೆ ನೀವು ಬಟೂ ಎಂಬ ಕಾಲ್ಪನಿಕ ಗ್ರಹದ ಪ್ರವಾಸಿ. ಫಲಕಗಳಲ್ಲಿ ಅರ್ಥವಾಗದ ಲಿಪಿ. ಮಾರುವವರೆಲ್ಲ ಆ ಊರಿನವರ ವೇಷದಲ್ಲಿ, ಆ ಊರಿನವರ ಮಾತಿನಲ್ಲಿರುತ್ತಾರೆ. ಡಾಲರನ್ನು ಅವರು 'ಕ್ರೆಡಿಟ್' ಎನ್ನುತ್ತಾರೆ. ಸಾಮಾನ್ಯವಾಗಿ ಇಂಥ ಕಡೆ ಸವಾರಿ ಮುಗಿಸಿ ಹೊರಬರುವ ದಾರಿಯಲ್ಲಿ ನೆನಪಿನ ಕಾಣಿಕೆಗಳ ಅಂಗಡಿ ಇಟ್ಟಿರುತ್ತಾರೆ. ಇಲ್ಲಿ ಅಂಗಡಿಯೇ ಆಟ, ಕೊಳ್ಳುವುದೇ ನಟನೆ. ತೆರೆದ ಕಾಲದಲ್ಲೇ ಬೆಳಕಿನ ಕತ್ತಿಯೊಂದನ್ನು ಸ್ವತಃ ಜೋಡಿಸಿಕೊಳ್ಳಲು 200 ಡಾಲರ್ ತೆರಬೇಕಿತ್ತು. ಅದು ಕತ್ತಿಯ ಬೆಲೆಯೋ ಕತೆಯ ಬೆಲೆಯೋ ಹೇಳುವುದು ಕಷ್ಟ.

ಆದರೆ ಅನ್ಯಗ್ರಹದ ಆ ಓಣಿ ನಮಗೆ ಪರಿಚಿತವೆನಿಸಿತು. ಮೇಲೆ ಅಡ್ಡಡ್ಡ ಕಟ್ಟಿದ ಬಟ್ಟೆಯ ನೆರಳು, ತೂಗುವ ದೀಪಗಳು, ಕಮಾನು, ಗುಮ್ಮಟ, ಮಣ್ಣುಬಣ್ಣದ ಗೋಡೆ. ಇದು ನಮ್ಮ ಭ್ರಮೆಯೇನಲ್ಲ. ಇದನ್ನು ರೂಪಿಸಿದವರು ಇಸ್ತಾಂಬುಲ್, ಮೊರೊಕ್ಕೊ, ಜೆರುಸಲೇಮ್‌ಗಳನ್ನು ಸುತ್ತಿ ನೋಡಿಕೊಂಡು ಬಂದುದನ್ನು ಮರೆಮಾಚಿಲ್ಲ. ಮೊದಲ ಸ್ಟಾರ್ ವಾರ್ಸ್ ಚಿತ್ರದ ಮರುಭೂಮಿಯ ದೃಶ್ಯಗಳನ್ನು 1976ರಲ್ಲಿ ಚಿತ್ರೀಕರಿಸಿದ್ದು ಟ್ಯುನೀಶಿಯಾದಲ್ಲಿ. ಆ ಮರಳಿನ ಗ್ರಹಕ್ಕಿಟ್ಟ 'ಟಾಟೂಯೀನ್' ಎಂಬ ಹೆಸರು ಕೂಡ ಆ ದೇಶದ ತತಾವೀನ್ ಎಂಬ ಊರಿನಿಂದ ಬಂದದ್ದು. ಅರಬರ ಓಣಿಯನ್ನು ನಕ್ಷತ್ರಲೋಕಕ್ಕೆ ಒಯ್ದರು ಎಂಬುದಕ್ಕೆ ನಮಗೆ ಸಿಟ್ಟಿಲ್ಲ. ಕಮಾನು, ಗುಮ್ಮಟಗಳು ಯಾರ ಜಹಗೀರೂ ಅಲ್ಲ. ಒಯ್ಯುವಾಗ ಏನನ್ನು ಅಲ್ಲೇ ಬಿಟ್ಟು ಬಂದರು ಎನ್ನುವುದಷ್ಟೇ ನಮ್ಮ ಪ್ರಶ್ನೆ.

ಇಸ್ತಾಂಬುಲಿನ ದೊಡ್ಡ ಬಜಾರನ್ನೇ ನೋಡಿ. 1453ರಲ್ಲಿ ನಗರ ಗೆದ್ದ ಸುಲ್ತಾನ್ ಮೆಹ್ಮದ್ ಕೆಲವೇ ವರ್ಷಗಳಲ್ಲಿ ಅದರ ಮೊದಲ ಕಟ್ಟಡಕ್ಕೆ ಕೈಹಾಕಿದ. ಅದರ ಬಾಡಿಗೆಯನ್ನು ಅಯಾ ಸೋಫಿಯಾ ಮಸೀದಿಯ ವಕ್ಫ್‌ಗೆ ಬರೆದ. ಫೆಝ್ ನಗರದ ಗಂಧದ್ರವ್ಯಗಳ ಓಣಿಯಲ್ಲಿ ನಡೆದರೆ 859ರಲ್ಲಿ ಫಾತಿಮಾ ಅಲ್ ಫಿಹ್ರಿ ಸ್ಥಾಪಿಸಿದರೆನ್ನಲಾದ ಕರವಿಯ್ಯೀನ್ ಮಸೀದಿಯ ಬಾಗಿಲು ಸಿಗುತ್ತದೆ. ಪಕ್ಕದಲ್ಲೇ ಮದರಸಾ. ಬಜಾರು ಎಂದರೆ ಬರೀ ಅಂಗಡಿಸಾಲಲ್ಲ. ಅದರ ಬೆನ್ನಿಗೆ ಪ್ರಾರ್ಥನೆ, ಪಾಠ, ದಾನ, ಹಮಾಮು, ತೂಕದಲ್ಲಿ ಮೋಸ ಮಾಡಿದವನನ್ನು ಹಿಡಿಯುವ ಮುಹ್ತಸಿಬ್ ಎಲ್ಲ ಇದ್ದರು. ಬಟೂ ಗ್ರಹದ ಸಂತೆಗೆ ಬೆನ್ನೇ ಇಲ್ಲ. ಅಲ್ಲಿ ಯಾರಿಗೂ ಸಾಲವಿಲ್ಲ, ಯಾರೊಡನೆಯೂ ಜಗಳವಿಲ್ಲ. ಬೆಲೆ ಮೊದಲೇ ನಿಗದಿಯಾಗಿದೆ. ಮುಖಕ್ಕೆ ಮುಖ ಕೊಟ್ಟು ಇಬ್ಬರು ಒಂದು ಮಾತಿಗೆ ಬರುವ ಸಂದರ್ಭವನ್ನೇ ತೆಗೆದುಹಾಕಿ, ಅದಕ್ಕೆ ಸಂತೆಯ ಬಣ್ಣ ಬಳಿಯಲಾಗಿದೆ.

ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಗೊಂಬೆಯಂಗಡಿ. ಸ್ಟಾರ್ ವಾರ್ಸ್ ಪಾತ್ರಗಳನ್ನು ಹಳ್ಳಿಯ ಯಾರೋ ಕೈಯಾರೆ ಹೊಲಿದಂತೆ ಕಾಣುವ ಬಟ್ಟೆಗೊಂಬೆಗಳು. ಇವುಗಳನ್ನು ಮಾಡುವವಳು ಜಬಾಕಾ ಎಂಬ ರೆಕ್ಕೆಯುಳ್ಳ ಗೊಂಬೆಗಾರ್ತಿ ಎಂಬುದು ಅಲ್ಲಿನ ಕತೆ. ಅಂಗಡಿಯ ಹಿಂಬದಿಯ ಮಸುಕು ಗಾಜಿನಾಚೆ ಅವಳು ಕೆಲಸದಲ್ಲಿ ಮಗ್ನಳಾಗಿರುವ ನೆರಳು ಅಲುಗಾಡುತ್ತದೆ. ಒಳ್ಳೆಯ ಕಲ್ಪನೆ, ಮಗು ಕಣ್ಣು ಮಿಟುಕಿಸದೆ ನೋಡಿತು, ನಾವೂ ನೋಡಿದೆವು. ಆಮೇಲೆ ಗೊಂಬೆಯನ್ನು ತಿರುಗಿಸಿದಾಗ ಹೊಲಿಗೆಯಲ್ಲಿ ಸಿಕ್ಕಿಸಿದ ಪುಟ್ಟ ಪಟ್ಟಿಯಲ್ಲಿ ಚೀನಾ ಎಂದಿತ್ತು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಲೇಬೇಕು ಎಂಬುದು ಅಮೆರಿಕದ 1930ರ ಸುಂಕ ಕಾಯ್ದೆ. ಇಡೀ ಸಂತೆಯಲ್ಲಿ ಸುಳ್ಳು ಹೇಳಲು ಅನುಮತಿ ಇಲ್ಲದ ಜಾಗ ಆ ಪಟ್ಟಿ ಒಂದೇ. ಇಲ್ಲದ ಗೊಂಬೆಗಾರ್ತಿಗೆ ಹೆಸರು, ಕುಲ, ಚರಿತ್ರೆ, ನೆರಳು ಎಲ್ಲ ಉಂಟು. ನಿಜಕ್ಕೂ ಹೊಲಿದವಳಿಗೆ ದೇಶದ ಹೆಸರಷ್ಟೇ.

ಇದನ್ನು ಹೇಳುವಾಗ ಅದೇ ಆವರಣದ ಎಪ್ಕಾಟ್ ಪಾರ್ಕಿನಲ್ಲಿರುವ ಮೊರೊಕ್ಕೊ ಮಂಟಪದ ಮಾತೂ ಬರಬೇಕು. ಅದು 1984ರಲ್ಲಿ ತೆರೆಯಿತು. ದೊರೆ ಎರಡನೇ ಹಸನ್ ತಮ್ಮ ದೇಶದ ಕುಶಲಕರ್ಮಿಗಳನ್ನೇ ಅಲ್ಲಿಗೆ ಕಳುಹಿಸಿದ್ದರು. ಹೆಂಚಿನ ತುಂಡುಗಳನ್ನು ಕೈಯಿಂದ ಕೆತ್ತಿ ಜೋಡಿಸುವ ಝಲ್ಲೀಜ್ ಕೆಲಸ ಅವರದ್ದು. ಮನುಷ್ಯರ, ಪ್ರಾಣಿಗಳ ಚಿತ್ರವಿಲ್ಲದೆ ರೇಖೆ, ನಕ್ಷತ್ರಗಳಲ್ಲೇ ಗೋಡೆ ಮಾತಾಡುತ್ತದೆ. ಇಂಥ ಕಸುಬಿನ ಯಜಮಾನನನ್ನು ಮೊರೊಕ್ಕೊದಲ್ಲಿ 'ಮಅಲ್ಲಿಮ್' ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಓದಿದ ನಮಗೆ ಮುಅಲ್ಲಿಮ್ ಎಂದರೆ ಮೇಷ್ಟ್ರು. ಆ ಗೋಡೆಯ ಮೇಲೆ ಕೈಯಾಡಿಸುವಾಗ ಎರಡೂ ಒಂದೇ ಎನಿಸಿತು. ಸೋಗು ಅಲ್ಲಿಯೂ ಇದೆ. ಅಲಾದಿನ್, ಜಾಸ್ಮಿನ್ ವೇಷದವರು ಅಲ್ಲಿ ಮಕ್ಕಳಿಗೆ ದರ್ಶನ ಕೊಟ್ಟಿದ್ದಾರೆ. ಆ ಜೋಡಿಯ 1992ರ ಚಿತ್ರದ ಹಾಡಿನಲ್ಲಿ ಅರಬರನ್ನು ಕ್ರೂರಿಗಳೆಂದ ಸಾಲೊಂದನ್ನು ಅರಬ್ ಅಮೆರಿಕನ್ನರ ಪ್ರತಿಭಟನೆಯ ನಂತರ 1993ರಲ್ಲಿ ಬದಲಿಸಬೇಕಾಯಿತು. ಅಲಾದಿನ್ ಮೊರೊಕ್ಕೊದವನೂ ಅಲ್ಲ. 2020ರ ಕೊನೆಯವರೆಗೆ ಆ ಮಂಟಪಕ್ಕೆ ಮೊರೊಕ್ಕೊದ ನಂಟಿತ್ತು, ಆಮೇಲೆ ಅದನ್ನೂ ಡಿಸ್ನಿಯೇ ನಡೆಸತೊಡಗಿತು. ಆದರೂ ಗೋಡೆಯಲ್ಲಿ ಕೈಗಳಿವೆ.

ಮಂಟಪದ ಎತ್ತರದ ಮಿನಾರು ಮರ್ರಾಕಿಶಿನ 12ನೇ ಶತಮಾನದ ಕುತುಬಿಯ್ಯ ಮಸೀದಿಯ ಪ್ರತಿಕೃತಿ. ಆ ಮಸೀದಿಗೆ ಹೆಸರು ಬಂದದ್ದು ಒಂದು ಕಾಲಕ್ಕೆ ಅದರ ಸುತ್ತ ಅಂಗಡಿ ಇಟ್ಟಿದ್ದ ಪುಸ್ತಕ ವ್ಯಾಪಾರಿಗಳಿಂದ. ಕಿತಾಬ್, ಕುತುಬ್! ಬರೆದು ಬದುಕುವವರಿಗೆ ಇದಕ್ಕಿಂತ ಹೊಟ್ಟೆಕಿಚ್ಚು ತರುವ ಸಂಗತಿ ಬೇರಿಲ್ಲ. ಅದೇ ಮರ್ರಾಕಿಶಿನ ಜಮಾ ಅಲ್ ಫನಾ ಚೌಕದಲ್ಲಿ ಜನರ ವೃತ್ತದ ನಡುವೆ ನಿಂತು ಕತೆ ಹೇಳುವವರಿದ್ದಾರೆ. ಆ ಚೌಕವನ್ನು 2001ರಲ್ಲಿ ಯುನೆಸ್ಕೊ ಮೌಖಿಕ ಪರಂಪರೆಯ ನೆಲೆಯೆಂದು ಗೌರವಿಸಿತು. ಅಲ್ಲಿ ಕತೆ ಕೇಳಿದವನು ಮೆಚ್ಚಿದರೆ ಕಾಸು ಹಾಕುತ್ತಾನೆ, ಇಲ್ಲದಿದ್ದರೆ ಎದ್ದು ಹೋಗುತ್ತಾನೆ. ಬಟೂವಿನಲ್ಲಿ ಮೊದಲು ಕಾಸು. ಕತೆ ಹೇಳುವ ಹುಡುಗ ಹುಡುಗಿಯರು ಸಂಬಳಕ್ಕೆ ದುಡಿಯುವವರು, ಕತೆ ಅವರದ್ದಲ್ಲ. ಹಾಗೆಂದು ಅವರ ಬಗ್ಗೆ ಹಗುರವಾಗಿ ಹೇಳಲಾರೆವು. ಸುಡುಬಿಸಿಲಲ್ಲಿ ದಿನವಿಡೀ ನಿಂತು ಅದೇ ಮಾತನ್ನು ಹೊಸದೆಂಬಂತೆ ಆಡುವುದು ಸುಲಭದ ಕೆಲಸವಲ್ಲ.

ಅಲ್ಲಿ ಮಾರುತ್ತಿದ್ದ ಕೋಕಾಕೋಲಾದ ಉರುಟು ಬಾಟಲಿಯನ್ನು ತರಬೇಕೆಂಬ ಆಸೆ ನಮಗಿತ್ತು. ನೋಡಲು ಥೇಟ್ ಕೈಬಾಂಬು. 2019ರ ಆಗಸ್ಟಿನಲ್ಲಿ ಅಮೆರಿಕದ ವಿಮಾನ ಭದ್ರತೆಯವರು ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ ಎಂದು, ಜನ ಗಲಾಟೆ ಮಾಡಿದ ಮೇಲೆ ಒಯ್ಯಬಹುದೆಂದರು. ತಂಗಿ ನಮ್ಮ ಪಾಸ್‌ಪೋರ್ಟಿನ ಹೆಸರನ್ನೂ ಗಡ್ಡವನ್ನೂ ಒಮ್ಮೆ ನೋಡಿ, "ಭಾಯಿಜಾನ್, ಬೇಡ" ಎಂದಳು. ಬಿಟ್ಟುಬಂದೆವು.

ಗೊಂಬೆ ಮಾತ್ರ ಮನೆಗೆ ಬಂತು. ಮಗು ಅದನ್ನು ಮಂಚದ ತಲೆದೆಸೆಯಲ್ಲಿ, ನಾವು ಊರಿನಿಂದ ತಂದುಕೊಟ್ಟಿದ್ದ ಚನ್ನಪಟ್ಟಣದ ಬುಗುರಿಯ ಪಕ್ಕ ಇಟ್ಟಿತು. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಬುಗುರಿ. ಗೊಂಬೆಯ ಚೀನಾ ಪಟ್ಟಿಯ ಬಗ್ಗೆ ನಾವು ಆಗಷ್ಟೇ ದೊಡ್ಡ ಭಾಷಣ ಮುಗಿಸಿದ್ದೆವು. ಎಲ್ಲ ಕೇಳಿಸಿಕೊಂಡ ಮಗು ಬುಗುರಿಯನ್ನು ತಲೆಕೆಳಗು ಮಾಡಿ ಪಟ್ಟಿ ಹುಡುಕಿತು. ಅದಕ್ಕೆ ಪಟ್ಟಿಯೇ ಇರಲಿಲ್ಲ.

"ಮಾಮು, ಇದನ್ನು ಮಾಡಿದವರ ಹೆಸರೇನು?"

ಮೈಸೂರು ರಸ್ತೆಯ ಅಂಗಡಿಯೊಂದರಲ್ಲಿ ಕೊಂಡಿದ್ದೆವು. ಬೆಲೆಯಲ್ಲಿ ಇಪ್ಪತ್ತು ರೂಪಾಯಿ ಇಳಿಸಿದ್ದು ಚೆನ್ನಾಗಿ ನೆನಪಿದೆ. ಕಡೆದವರು ಯಾರೆಂದು ಕೇಳಿರಲಿಲ್ಲ.