ತೆರೆದ ಬಾಗಿಲ ಊರು: ಧಾರವಾಡದ ಕಲಾಜೀವನವನ್ನು ಅರಿಯುವ ಬಗೆ

ಚಿಕ್ಕ ಊರೊಂದರ ಕಲಾಸಂಸ್ಕೃತಿಯನ್ನು ಕಂಡುಕೊಳ್ಳಹೊರಟವರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುವುದುಂಟು. ಅಲ್ಲಿ ಎಷ್ಟು ರಂಗಮಂದಿರಗಳಿವೆ, ಎಷ್ಟು ಸಭಾಭವನಗಳಿವೆ ಎಂದು ಎಣಿಸುವುದು ಒಂದು. ಅಲ್ಲಿ ಬಾಳಿದ ಮಹನೀಯರ ಹೆಸರುಗಳನ್ನು ಜಪಿಸುವುದು ಇನ್ನೊಂದು. ಮೊದಲನೆಯದು ಮಹಾನಗರದ ಅಳತೆಗೋಲಿನಿಂದ ಚಿಕ್ಕ ಊರನ್ನು ಅಳೆದು, ಅದನ್ನು ಬಡದೆಂದು ತೀರ್ಮಾನಿಸುತ್ತದೆ. ಎರಡನೆಯದು ಬದುಕಿರುವ ಊರನ್ನು ಸಮಾಧಿಯಾಗಿ ಮಾಡಿ, ಅದಕ್ಕೆ ಹೂವೇರಿಸುತ್ತದೆ. ಇವೆರಡೂ ವಿಮರ್ಶೆಯ ದಾರಿಗಳಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಮಾತನ್ನು ಧಾರವಾಡದ ನಿದರ್ಶನದಿಂದ ಸ್ಪಷ್ಟಪಡಿಸಲು ಇಲ್ಲಿ ಯತ್ನಿಸುತ್ತೇವೆ.

ಧಾರವಾಡದ ಹೆಸರನ್ನೆತ್ತಿದೊಡನೆ ಬೇಂದ್ರೆ, ಮನಸೂರ, ರಾಜಗುರು ಎಂಬ ನಾಮಾವಳಿ ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಅದರ ಹಿಂದೆಯೇ, ಇಲ್ಲಿನ ನೀರಿನಲ್ಲಿ ಏನೋ ಇದೆಯೆಂಬ ಮಾತೂ ಬರುತ್ತದೆ. ಕಿವಿಗೆ ಇಂಪಾದರೂ ಇದು ವಿಚಾರಕ್ಕೆ ನಿಲ್ಲುವ ಮಾತಲ್ಲ. ನೀರು ಕವಿಗಳನ್ನು ಮಾಡುವುದಾದರೆ ನಾವು ಮಾಡಬೇಕಾದ ಕೆಲಸ ಯಾವುದೂ ಉಳಿಯುವುದಿಲ್ಲ. ಕೇಳತಕ್ಕ ಪ್ರಶ್ನೆ ಬೇರೆ: ಇಷ್ಟು ಚಿಕ್ಕ ಊರಿನಲ್ಲಿ ಕಲಾವಿದನು ಯಾವ ಏರ್ಪಾಟುಗಳ ಬಲದಿಂದ ಬಾಳಿದನು?

ಮೊದಲನೆಯ ಬಲ ಕೊರತೆಯಿಂದಲೇ ಹುಟ್ಟಿತು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಯ ಪ್ರಭಾವಕ್ಕೆ ಸಿಲುಕಿದ್ದ ಸೀಮೆಯಲ್ಲಿ, 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಅರಸರ ಆಶ್ರಯವಿಲ್ಲದ ಕನ್ನಡ ಇಲ್ಲಿ ತನ್ನ ಓದುಗರನ್ನು ತಾನೇ ಕೂಡಿಸಿಕೊಳ್ಳಬೇಕಾಯಿತು. ಕೂಡುವುದು ಈ ಊರಿಗೆ ವಿಲಾಸವಾಗಿರದೆ ಆವಶ್ಯಕತೆಯಾಗಿತ್ತು. ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪಿನ ಹಿನ್ನೆಲೆಯೂ ಇದೇ.

ಎರಡನೆಯದು ಓದುಗನೊಡನೆ ಮಾಡಿಕೊಂಡ ಒಪ್ಪಂದ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನಂಬಿ ನಡೆಯಿತು. ಬರಲಿರುವ ಪುಸ್ತಕ ಯಾವುದೆಂದು ತಿಳಿಯುವ ಮುನ್ನವೇ ಹಣ ಕೊಡುವ ಓದುಗನು ಗಿರಾಕಿ ಮಾತ್ರನಲ್ಲ, ಸಾಹಸದಲ್ಲಿ ಪಾಲುಗಾರ. ಗ್ರಂಥಮಾಲೆಯ 'ಅಟ್ಟ'ವಂತೂ ಲೇಖಕರು ಕುಳಿತು ಹರಟುವ, ಹಸ್ತಪ್ರತಿಗಳನ್ನು ಓದಿ ಜಗಳಾಡುವ ತಾಣವಾಯಿತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಕಣ್ಣು ಅಲ್ಲಿ ಹಸ್ತಪ್ರತಿಗಳ ಮೇಲಿತ್ತು. ಇಪ್ಪತ್ತರ ಆಚೀಚಿನ ತರುಣರಾಗಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದುದು ಈ ಅಟ್ಟದಿಂದಲೇ. ಅಪರಿಚಿತನೊಬ್ಬನ ಹಸ್ತಪ್ರತಿಯನ್ನು ಗಂಭೀರವಾಗಿ ಓದುವ ಹತ್ತು ಜನರಿದ್ದರೆ ಸಾಕು, ಊರು ಚಿಕ್ಕದೆಂಬ ಮಾತಿಗೆ ಅರ್ಥವಿಲ್ಲ.

ಮೂರನೆಯದು ಮನೆ. 1912ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ರಹಿಮತ್ ಖಾನರಿಂದ ಸಿತಾರಿನ ಪರಂಪರೆಯೊಂದು ಈ ನೆಲದಲ್ಲಿ ಬೇರೂರಿ, ಅವರ ಮೊಮ್ಮಗ ಬಾಲೇಖಾನರವರೆಗೂ, ಅವರ ಮುಂದಕ್ಕೂ ಬೆಳೆಯಿತು. ಸಂಗೀತ ಇಲ್ಲಿ ವೇದಿಕೆಗಿಂತ ಮೊದಲು ಪಡಸಾಲೆಯಲ್ಲಿ ಕೇಳಿಬರುತ್ತಿತ್ತು. 1950ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರ ಕಲಾವಿದರ ಜೀವನೋಪಾಯಕ್ಕೆ ಆಧಾರವಾಯಿತು. ಮಲ್ಲಿಕಾರ್ಜುನ ಮನಸೂರರೂ ಬೇಂದ್ರೆಯವರೂ ಅದರ ಸಲಹೆಗಾರರಾಗಿದ್ದವರು. ಗಾಯಕನೂ ಕವಿಯೂ ಒಂದೇ ಸೂರಿನಡಿ ಎದುರುಬದುರಾಗುವುದು ಚಿಕ್ಕ ಊರಿಗೆ ಸಹಜ. ಮಹಾನಗರದಲ್ಲಿ ಅದಕ್ಕೆ ಸಮಾರಂಭವೇ ಬೇಕು.

ಈ ಮೂರನ್ನೂ ಕೂಡಿಸಿ ಹೇಳುವುದಾದರೆ, ಧಾರವಾಡದ ನಿಜವಾದ ಸಂಸ್ಥೆ ತೆರೆದ ಬಾಗಿಲು. ಸಾಧನಕೇರಿಯ ಕವಿಯ ಮನೆಗೆ ಕಾಲೇಜಿನ ಹುಡುಗನು ಹೋಗಬಹುದಿತ್ತು. ಗುರುವಿನ ಮನೆಗೆ ಶಿಷ್ಯನು ಹೋಗಬಹುದಿತ್ತು. ಅಟ್ಟವನ್ನು ಯಾರೂ ಹತ್ತಬಹುದಿತ್ತು.

'ಯಾರೂ' ಎಂದೆವು. ಈ ಶಬ್ದವನ್ನು ಪರೀಕ್ಷಿಸದೆ ಬಿಟ್ಟರೆ ನಮ್ಮ ವಿಮರ್ಶೆಯೂ ಹೊಗಳಿಕೆಯಾಗಿ ಮುಗಿದೀತು. 1913ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಜಾತಿಯ ಕಾರಣದಿಂದ ಉಂಡ ಅವಮಾನಗಳನ್ನು ತಾವೇ ಹೇಳಿಕೊಂಡಿದ್ದಾರೆ. ಯಾವ ಊರು ಅವರ ಕಂಠಕ್ಕೆ ಹೆಮ್ಮೆಪಟ್ಟಿತೋ ಅದೇ ಊರಿನ ಅಂಗಳಗಳು ಆ ಬಾಲಿಕೆಯನ್ನು ದೂರವಿಟ್ಟಿದ್ದವು. ಅಂದಮೇಲೆ ಬಾಗಿಲು ತೆರೆದಿತ್ತೆಂಬುದು ನಿಜವಾದರೂ ಪೂರ್ಣಸತ್ಯವಲ್ಲ. ಕೆಲವರಿಗೆ ಅದು ತಾನಾಗಿ ತೆರೆದಿತ್ತು, ಕೆಲವರು ಅದನ್ನು ದೂಡಿ ತೆರೆಯಬೇಕಾಯಿತು. ಸುವರ್ಣಯುಗದ ಕಥೆ ಹೇಳುವವರು ಈ ಎರಡನೆಯವರನ್ನು ನಾಮಾವಳಿಯಲ್ಲಿ ಸೇರಿಸುತ್ತಾರೆ, ಆದರೆ ಅವರು ದೂಡಿದ ಬಾಗಿಲನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ ನಮ್ಮ ಕಾಲದ್ದು. ಹೇಳಲು ನೋವಾದರೂ ಹೇಳಲೇಬೇಕಾದದ್ದು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲನ್ನು ಬಡಿದರು, ಬಾಗಿಲು ತೆರೆಯಿತು, ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಅಧ್ಯಾಪಕನ ಮನೆಗೆ ಬೆಳಗ್ಗೆ ಯಾರಾದರೂ ಬಂದರೆ ಅದು ವಿದ್ಯಾರ್ಥಿಯೇ ಇರಬೇಕೆಂಬ ನಂಬಿಕೆಯ ಮೇಲೆ ಈ ಊರು ನಿಂತಿತ್ತು. ಆ ನಂಬಿಕೆಗೆ ಬಿದ್ದ ಪೆಟ್ಟನ್ನು ಯಾವ ರಂಗಮಂದಿರದ ಲೆಕ್ಕವೂ ತೋರಿಸಲಾರದು. ಊರಿನ ಸಂಸ್ಕೃತಿಗೆ ಅಪಾಯ ಬರುವುದು ಭವನಗಳು ಕುಸಿದಾಗಲ್ಲ, ಬಂದವನು ಯಾರೆಂದು ಅಂಜಿ ಒಳಗಿನಿಂದ ಚಿಲಕ ಹಾಕಿಕೊಂಡಾಗ.

ಹಾಗೆ ಚಿಲಕ ಬಿದ್ದಿದೆಯೆ? ಬೀಳಲಿಲ್ಲವೆಂಬುದಕ್ಕೆ ಆಧಾರಗಳುಂಟು. ವಿದ್ಯಾವರ್ಧಕ ಸಂಘ ಒಂದೂಕಾಲು ಶತಮಾನವನ್ನು ದಾಟಿ ನಡೆದಿದೆ. 2013ರಲ್ಲಿ ಆರಂಭವಾದ ಸಾಹಿತ್ಯ ಸಂಭ್ರಮ ಹೊರಗಿನವರನ್ನು ಈ ಊರಿಗೆ ಬರಮಾಡಿಕೊಂಡಿತು. ಆದರೂ ಉತ್ಸವವು ವರ್ಷದಲ್ಲಿ ಕೆಲವು ದಿನಗಳ ಮಾತು. ಬಾಗಿಲು ಪ್ರತಿದಿನದ ಮಾತು. ಉತ್ಸವದ ನೆರವಿಯನ್ನು ಕಂಡು ಪ್ರತಿದಿನದ ವಿಷಯದಲ್ಲಿ ನಿಶ್ಚಿಂತರಾಗುವುದು ತರವಲ್ಲ.

ಆದುದರಿಂದ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಒಂದು ಸೂಚನೆ. ಚಿಕ್ಕ ಊರಿನ ಕಲಾಜೀವನವನ್ನು ಪ್ರಬಂಧಕ್ಕೆ ವಿಷಯವಾಗಿ ಆರಿಸಿಕೊಂಡಾಗ ಫಲಕಗಳನ್ನು ನಕಲು ಮಾಡಿ ತೃಪ್ತರಾಗಬಾರದು. ಯಾರು ಯಾರ ಮನೆಗೆ ಹೋಗುತ್ತಿದ್ದರು, ಯಾರನ್ನು ಒಳಗೆ ಕರೆಯಲಿಲ್ಲ, ಪುಸ್ತಕಕ್ಕೆ ಮುಂಗಡ ಹಣ ಕೊಟ್ಟವರು ಯಾರು, ಇಂದು ಪಡಸಾಲೆಯಲ್ಲಿ ತಂಬೂರಿ ಶ್ರುತಿ ಮಾಡುತ್ತಿರುವವರು ಯಾರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ಗ್ರಂಥಾಲಯದಷ್ಟೇ ಕಾಲ್ನಡಿಗೆಯೂ ಬೇಕು. ಬಾಗಿಲನ್ನು ಮೆಲ್ಲನೆ ತಟ್ಟಿ, ತಮ್ಮ ಹೆಸರನ್ನು ಹೇಳಿ, ಒಳಗಿನವರು ಕರೆಯುವವರೆಗೆ ಕಾಯುವ ಸೌಜನ್ಯವೂ ಬೇಕು. ಧಾರವಾಡದಂಥ ಊರು ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯುವುದು ಅಂಥ ಒಬ್ಬೊಬ್ಬ ವಿದ್ಯಾರ್ಥಿಯಿಂದಲೇ.