ಎರಡು ಬಫರಿನ ಎಂಜಿನ್ನು

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹಿತ್ತಾಳೆಯ ರೈಲು ಎಂಜಿನ್ನು ಇದೆ. ಅಪ್ಪ ನಿವೃತ್ತರಾದ ದಿನ ಜೊತೆಯಲ್ಲಿ ದುಡಿದವರು ಹಣ ಕೂಡಿಸಿ, ಹಾರ ಹಾಕಿ, ಶಾಲು ಹೊದಿಸಿ ಕೊಟ್ಟದ್ದು. ನೋಡುವುದಕ್ಕೆ ಬಲು ಚೆಂದ. ಬಂದೂಕಿನ ಗುಂಡಿನಂಥ ಮೂತಿ, ಮೂತಿಯ ಮೇಲೊಂದು ನಕ್ಷತ್ರ, ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಬಫರು. ಮನೆಗೆ ಬಂದ ನೆಂಟರು "ಇದೇನಾ ನಿಮ್ಮವರು ಓಡಿಸ್ತಿದ್ದ ಎಂಜಿನ್ನು?" ಎಂದು ಅಮ್ಮನನ್ನು ಕೇಳುವರು. ಅಪ್ಪ ಪೇಪರಿನ ಹಿಂದಿನಿಂದಲೇ ಹೂಂಗುಟ್ಟುವರು. ಒಮ್ಮೆ ಮಾತ್ರ, ನೆಂಟರು ಹೋದ ಮೇಲೆ, ನನ್ನನ್ನು ಕರೆದು ಹೇಳಿದರು: "ಇದು ನಮ್ದಲ್ಲ ಕಣೇ, ಬ್ರಾಡ್‌ಗೇಜಿಂದು. ನಮ್ಮದಕ್ಕೆ ಎಲ್ಲಿತ್ತು ಎರಡು ಬಫರು?" ಕೊಟ್ಟವರಿಗೆ ಬೇಜಾರಾದೀತೆಂದು ಈ ಮಾತನ್ನು ಅವರು ಬೇರೆ ಯಾರಿಗೂ ಹೇಳಿದ್ದನ್ನು ಕಾಣೆ.

ಅಪ್ಪ 1970ರ ದಶಕದಲ್ಲಿ ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದರು. ಆಗ ಬೆಂಗಳೂರು, ಹುಬ್ಬಳ್ಳಿ, ಹಾಸನ, ಮೂರು ಕಡೆಗೂ ಮೀಟರ್ ಗೇಜ್ ಹಳಿ. ಪ್ಯಾಸೆಂಜರು, ಎಕ್ಸ್‌ಪ್ರೆಸ್ಸುಗಳನ್ನು ಎಳೆಯುತ್ತಿದ್ದದ್ದು ವೈಪಿ ಎಂಬ ಜಾತಿಯ ಉಗಿ ಎಂಜಿನ್ನು. ಮುಂದೆ ನಾಲ್ಕು ಪುಟ್ಟ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು. 1949ರಿಂದ 1970ರವರೆಗೆ ಈ ಜಾತಿಯ 871 ಎಂಜಿನ್ನುಗಳು ತಯಾರಾದವು. ಮೊದಲು ಬಂದವು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯವು. ಆಮೇಲೆ ಜರ್ಮನಿ, ಸ್ಕಾಟ್ಲೆಂಡುಗಳಿಂದಲೂ ನಮ್ಮ ಜೆಮ್‌ಷೆಡ್‌ಪುರದ ಟೆಲ್ಕೊದಿಂದಲೂ ಬಂದವು. ಷೋಕೇಸಿನಲ್ಲಿರುವುದು ಡಬ್ಲ್ಯುಪಿ. ಅದು ಬ್ರಾಡ್‌ಗೇಜಿನ ರಾಜಕುಮಾರ. ಗುಂಡುಮೂತಿಯಿಂದಾಗಿ ಅಂಚೆಚೀಟಿ, ಕ್ಯಾಲೆಂಡರು, ಉಡುಗೊರೆ ಅಂಗಡಿ ಎಲ್ಲ ಕಡೆಯೂ ಅದರದೇ ಪಟ. ವೈಪಿಗೆ ಅಂಥ ಮೂತಿಯಿಲ್ಲ. ಮುಂದೆ ಚಪ್ಪಟೆ ಬಾಗಿಲು, ಕೆಳಗೆ ಮಧ್ಯದಲ್ಲಿ ಒಂದೇ ಬಫರು, ಅದಕ್ಕೇ ಸೇರಿದ ಕೊಕ್ಕೆ. ಮೀಟರ್ ಗೇಜಿನ ಗುರುತೇ ಆ ಒಂಟಿ ಬಫರು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಈ ವಿಚಾರ ತೆಗೆದೆ ಎಂದರೆ, ಅದಕ್ಕೆ ಕಾರಣ ಅಮ್ಮ. ಅವಳಿಗೆ ಎಂಬತ್ತೆರಡು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಅಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಆ ಹಿತ್ತಾಳೆ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದವಳು, "ಇದಕ್ಕೆ ಎರಡು ಮೂಗು ಯಾಕೆ?" ಅಂದಳು. ಕಣ್ಣಿದ್ದಾಗ ವಾರಕ್ಕೊಮ್ಮೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದವಳು ಅವಳೇ. ಆಗ ಕಾಣದ ತಪ್ಪು ಬೆರಳಿಗೆ ಕಂಡಿತು. ಆ ದಿನವೇ ನಿರ್ಧರಿಸಿದೆ, ಇವಳ ಕೈಗೆ ಸರಿಯಾದ ವೈಪಿಯೊಂದನ್ನು ಕೊಡಬೇಕು ಎಂದು.

"ಸರಿಯಾದ" ಅನ್ನುವ ಮಾತು ಸುಲಭ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು, ಲೆಕ್ಕದಿಂದಲೇ ಶುರುಮಾಡಿದೆ. ರೈಲಿನ ಮಾದರಿಗಳಲ್ಲಿ ಪ್ರಪಂಚದಲ್ಲೆಲ್ಲ ಹೆಚ್ಚು ಓಡುವ ಪ್ರಮಾಣ 87ಕ್ಕೆ 1. ಅದರ ಹಳಿಯ ಅಂತರ 16.5 ಮಿಲಿಮೀಟರು. 87ರಿಂದ ಗುಣಿಸಿ ನೋಡಿ, 1435 ಬರುತ್ತದೆ. ಅದು ಯೂರೋಪು, ಅಮೆರಿಕಗಳ ಹಳಿ. ನಮ್ಮ ಬ್ರಾಡ್‌ಗೇಜು 1676. ಆ ಲೆಕ್ಕಕ್ಕೆ ಹಳಿ 19 ಮಿ.ಮೀ. ದಾಟಬೇಕು. ಮೀಟರ್ ಗೇಜಾದರೆ ಹನ್ನೊಂದೂವರೆ ಸಾಕು. ಎಂದರೆ ಅಂಗಡಿಯ ಹಳಿಗೆ ನಮ್ಮ ಎರಡು ಗೇಜೂ ಹೊಂದುವುದಿಲ್ಲ, ಒಂದಕ್ಕೆ ಅದು ಬಿಗಿ, ಇನ್ನೊಂದಕ್ಕೆ ಸಡಿಲ. ಶಾಲೆಯ ಅಂಗಳದಲ್ಲಿ ಎಂಟನೆಯ ತರಗತಿಯ ಮಕ್ಕಳಿಂದ ಸುಣ್ಣದ ಪುಡಿಯಲ್ಲಿ ಮೂರು ಗೇಜನ್ನೂ ಎಳೆಸಿದೆ. ಮೀಟರ್ ಗೇಜಿನ ಎರಡು ಗೆರೆಯ ಮೇಲೆ ಕಾಲು ಅಗಲಿಸಿ ನಿಂತ ಹುಡುಗನೊಬ್ಬ, "ಇಷ್ಟರ ಮೇಲೆ ರೈಲು ಹೋಗ್ತಿತ್ತಾ ಮಿಸ್?" ಅಂದ. ಹೋಗುತ್ತಿತ್ತು. ಹಳಿ ಕಿರಿದು, ಅದರ ಮೇಲೆ ಎರಡೂ ಬದಿಗೆ ಚಾಚಿಕೊಂಡ ಅಗಲವಾದ ಮೈ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಸಣ್ಣ ಹೆಂಗಸಿನ ಹಾಗೆ. ಆ ನಿಲುವು ಬರದಿದ್ದರೆ ಬಣ್ಣ ಎಷ್ಟು ಹೊಳೆದರೇನು, ಅದು ಮೀಟರ್ ಗೇಜ್ ಎಂಜಿನ್ನಲ್ಲ.

ಬೆಂಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ವೈಪಿ ಇದೆ ಎಂದು ಸೋದರಳಿಯ ಹೇಳಿದ. ಬಸ್ಸು ಹತ್ತಿ ಹೋದೆ. ಗಾಜಿನ ಪೆಟ್ಟಿಗೆಯಲ್ಲಿತ್ತು. ಕಪ್ಪು ಮೈ, ಟೆಂಡರಿನ ಮೇಲೆ ವೈಪಿ ಎಂಬ ಅಕ್ಷರ. ಬೆಲೆ ನನ್ನ ತಿಂಗಳ ಸಂಬಳದ ಕಾಲು ಭಾಗ. ಚಕ್ರದ ಸಂಖ್ಯೆ ಸರಿ, ಕೆಲಸ ಬಹಳ ನಾಜೂಕು; ಅದನ್ನು ಒಪ್ಪಲೇಬೇಕು. ಆದರೆ ಹಳಿ 16.5. ಕೈಚೀಲದಲ್ಲಿದ್ದ ಅಳತೆಪಟ್ಟಿ ತೆಗೆದು ದೊಡ್ಡ ಚಕ್ರವನ್ನು ಅಳೆಯಲೇ ಎಂದೆ. ಆತ ನಗುತ್ತಲೇ ಒಪ್ಪಿದ. 23 ಮಿ.ಮೀ. ಬಂತು. ವೈಪಿಯ ಚಕ್ರ ನಾಲ್ಕೂವರೆ ಅಡಿ, ಎಂದರೆ 1372 ಮಿ.ಮೀ.; 87ರಿಂದ ಭಾಗಿಸಿದರೆ 16 ಕೂಡ ಆಗದು. 23ನ್ನು 87ರಿಂದ ಗುಣಿಸಿದರೆ ಎರಡು ಮೀಟರು. ಜರ್ಮನಿಯಲ್ಲಿ 1926ರಿಂದ ತಯಾರಾದ 01 ಎಂಬ ವರ್ಗದ ಎಕ್ಸ್‌ಪ್ರೆಸ್ ಎಂಜಿನ್ನಿನ ಚಕ್ರ ಸರಿಯಾಗಿ ಎರಡು ಮೀಟರು. ಅದಕ್ಕೂ ಚಕ್ರದ ಜೋಡಣೆ ನಾಲ್ಕು, ಆರು, ಎರಡೇ. ಯಾರೋ ಅದರ ಬಣ್ಣ ಕೆರೆದು ನಮ್ಮ ಹೆಸರು ಬರೆದಿದ್ದಾರೆ. ವ್ಯಾಪಾರಿಗೆ ಹೇಳಿದಾಗ, "ಮೇಡಂ, ಎಲ್ಲಾ ಸ್ಟೀಮ್ ಎಂಜಿನ್ನೇ ಅಲ್ವಾ?" ಅಂದ. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲವೆಂದಲ್ಲ, ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಎಲ್ಲವನ್ನೂ ಅಳತೆಗೆ ಇಳಿಸುವುದಕ್ಕೆ ಆಗುವುದಿಲ್ಲ ಎನ್ನುವುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ನೂರು ಟನ್ ತೂಕದ ಎಂಜಿನ್ನೆಂದು ಇಟ್ಟುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ 87ನೆಯ ಒಂದು ಪಾಲಾದರೆ ತೂಕ ಆ ಸಂಖ್ಯೆಯ ಘನದಷ್ಟು ಪಟ್ಟು ಇಳಿದು ನೂರೈವತ್ತು ಗ್ರಾಂ ಚಿಲ್ಲರೆ ಉಳಿಯುತ್ತದೆ, ಒಂದು ಹಿಡಿ ಕಡಲೆಬೇಳೆಯಷ್ಟು. ಕೈಯಳತೆಯ ಕಂಬಿ ಕೂದಲಿನಷ್ಟು ಸಣ್ಣದಾಗಬೇಕು, ಮುಟ್ಟಿದರೆ ಮುರಿಯುತ್ತದೆ. ಕಣ್ಣಿನಿಂದ ನೋಡುವವರಿಗೆ ಅದು ನಡೆದೀತು. ಬೆರಳಿನಿಂದ ನೋಡುವವರಿಗೆ ನಡೆಯದು. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ದೊಡ್ಡ ಮಾದರಿ ರೈಲನ್ನು ಹೊರತಂದಿತು; ಪ್ರಮಾಣ ಇಪ್ಪತ್ತೆರಡೂವರೆಗೆ 1, ಹಳಿ 45 ಮಿ.ಮೀ. ಗುಣಿಸಿದರೆ 1012. ಅದು ಮೀಟರ್ ಗೇಜಿನ ಲೆಕ್ಕದಲ್ಲೇ ಕಟ್ಟಿದ್ದು. ಆ ಪ್ರಮಾಣದಲ್ಲಿ ನಮ್ಮ ಸುಮಾರು 19 ಮೀಟರಿನ ವೈಪಿ ಮುಕ್ಕಾಲು ಮೀಟರಿಗಿಂತ ಜಾಸ್ತಿ ಉದ್ದ ಬರುತ್ತದೆ. ಷೋಕೇಸಿಗೆ ಹಿಡಿಸದು, ತೊಡೆಗೆ ಹಿಡಿಸುತ್ತದೆ.

ಅಷ್ಟು ದೊಡ್ಡದನ್ನು ಮಾಡುವವರು ಯಾರು? ಅಪ್ಪನ ಶೆಡ್ಡಿನಲ್ಲೇ ಫಿಟ್ಟರ್ ಆಗಿದ್ದ ಮಾಮ ಒಬ್ಬರಿದ್ದಾರೆ. ಎಂಬತ್ತರ ಹತ್ತಿರ, ಕೈ ಇನ್ನೂ ನಡುಗುವುದಿಲ್ಲ. ಕೇಳಿದ್ದೇ ತಡ, ತಗಡು, ಹಿತ್ತಾಳೆ ತಂತಿ, ಹಳೆಯ ನಲ್ಲಿಯ ತುಂಡು ಎಲ್ಲ ಕೂಡಿಹಾಕಿದರು. ಚಕ್ರಗಳನ್ನು ನಾನು ಬರೆದುಕೊಟ್ಟ 61 ಮಿ.ಮೀ. ಲೆಕ್ಕಕ್ಕೆ ಲೇತಿನಲ್ಲಿ ಮಾಡಿಸಿದರು. ಏಳು ತಿಂಗಳಾಯಿತು. "ನಂಬರು ಏನು ಬರೀಲಿ?" ಎಂದು ಕೇಳಿದರು. ಅಪ್ಪನ ಎಂಜಿನ್ನಿನ ನಂಬರು ಎಂದೆ. "ನಿಮ್ಮಪ್ಪನಿಗೆ ಅಂತ ಒಂದು ಎಂಜಿನ್ನು ಎಲ್ಲಿತ್ತಮ್ಮ? ಆವತ್ತು ಯಾವ್ದು ಕೊಟ್ರೋ ಅದು." ನಾನು ಚಿಕ್ಕವಳಿದ್ದಾಗಿನಿಂದ ಅಪ್ಪನ ಎಂಜಿನ್ನು ಎಂದು ಒಂದನ್ನೇ ನೆನೆದುಕೊಂಡು ಬಂದಿದ್ದೆ. ನಂಬರಿನ ಪಟ್ಟಿ ಖಾಲಿ ಉಳಿಯಿತು.

ಮಾಮನ ಕೆಲಸವನ್ನು ಮನೆಯವರೆಂದು ಹೊಗಳುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬಾಯ್ಲರು ತಪ್ಪು. ಅದಕ್ಕೆ ಅವರು ಬಳಸಿದ್ದು ಹಾರ್ಡ್‌ವೇರ್ ಅಂಗಡಿಯ 90 ಮಿ.ಮೀ. ಪಿವಿಸಿ ಪೈಪು. ಲೆಕ್ಕ ಹಾಕಿದರೆ ನಿಜದ ಬಾಯ್ಲರು ಎರಡು ಮೀಟರಿಗಿಂತ ದಪ್ಪವಾಗುತ್ತದೆ. ಮೀಟರ್ ಗೇಜಿಗೆ ಅಷ್ಟು ಹೊಟ್ಟೆ ಎಲ್ಲಿಂದ? ಅದರಿಂದ ಇಡೀ ಎಂಜಿನ್ನು ಬಸುರಿಯ ಹಾಗೆ ಕಾಣುತ್ತದೆ. ಬಣ್ಣವೂ ಅತಿಯಾದ ಹೊಳಪು, ದುಡಿಯುವ ಎಂಜಿನ್ನಿನ ಮಸಿ ಜಿಡ್ಡು ಇಲ್ಲ. ಆದರೆ ಸೊಂಟದ ಕೆಳಗಿನದು ನೋಡಬೇಕು. ಪಿಸ್ಟನ್ನಿನ ದಂಡ, ಚಕ್ರಗಳನ್ನು ಕೂಡಿಸುವ ಸರಳು, ಉಗಿಯನ್ನು ಹಿಂದೆ ಮುಂದೆ ಬಿಡುವ ಕವಾಟಕ್ಕೆ ಹೋಗುವ ಸನ್ನೆಗಳು, ಒಂದೂ ತಪ್ಪಿಲ್ಲ. ತಳ್ಳಿದರೆ ಒಂದರ ಹಿಂದೊಂದು ಕದಲುತ್ತವೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಫಿಟ್ಟರಾದವನು ಎಂಜಿನ್ನಿನ ಕೆಳಗಿನ ಗುಂಡಿಯಲ್ಲಿ ನಿಂತು ಆಯುಷ್ಯ ಕಳೆದವನು. ಮೇಲಿನದು ಅವನಿಗೆ ಬಿಡುವಿನಲ್ಲಿ ಕಂಡದ್ದು. ವ್ಯಾಪಾರಿಯ ಮಾದರಿಯಲ್ಲಿ ಎಲ್ಲವೂ ಚೊಕ್ಕವಾಗಿತ್ತು, ಎಲ್ಲವೂ ಬೇರೆ ಎಂಜಿನ್ನಿನದಾಗಿತ್ತು. ಇದರಲ್ಲಿ ಅರ್ಧ ತಪ್ಪು. ಆದರೆ ತಪ್ಪು ಕೂಡ ವೈಪಿಯದೇ ತಪ್ಪು.

ಅಮ್ಮನ ಮಡಿಲಲ್ಲಿಟ್ಟೆವು. ಮೊದಲು ಮುಂಭಾಗ ಮುಟ್ಟಿದಳು. ಒಂಟಿ ಬಫರು ಸಿಕ್ಕಿತು, ಏನೂ ಅನ್ನಲಿಲ್ಲ. ಹೊಟ್ಟೆಯ ಮೇಲೆ ಕೈಯಾಡಿಸಿ ಮುಂದೆ ಹೋದಳು. ಬಾಯ್ಲರಿನ ತಪ್ಪು ಅವಳಿಗೆ ಹತ್ತಲಿಲ್ಲ. ಕ್ಯಾಬಿನ ಬಾಗಿಲಿಗೆ ಬಂದಾಗ ಬೆರಳು ನಿಂತಿತು. ಕೆಳಗಿನ ಹಳಿಯಿಂದ ಕ್ಯಾಬಿನ ನೆಲದವರೆಗೆ ಎರಡು ಮೂರು ಸಲ ಅಳೆದಳು.

"ತಗ್ಗಾಯ್ತು," ಅಂದಳು.

"ಏನು ತಗ್ಗು ಅಕ್ಕಾ?" ಮಾಮ ಕೇಳಿದರು.

"ನೆಲ. ರಾತ್ರಿ ಡ್ಯೂಟಿಗೆ ಡಬ್ಬಿ ಕೊಡೋಕೆ ಶೆಡ್ಡಿಗೆ ಬರ್ತಿದ್ನಲ್ಲ, ಕೆಳಗೆ ನಿಂತು ಹಿಮ್ಮಡಿ ಎತ್ತಿ ಕೈ ನೀಡಬೇಕಿತ್ತು. ಆಗ ಇವರು ಬಗ್ಗಿ ಈಸ್ಕೊಳ್ಳೋರು. ಇದರಲ್ಲಿ ನಾನು ಸುಮ್ಮನೆ ನಿಂತರೂ ಎಟುಕುತ್ತೆ."

ನನಗೆ ನಗು ಬಂತು, ಮಾಮನಿಗೆ ಬರಲಿಲ್ಲ. ಎಂಜಿನ್ನನ್ನು ತಿರುಗಿಸಿ ಅಳತೆ ಹಿಡಿದರು, ತಮ್ಮ ಚೀಟಿ ನೋಡಿದರು. ಹೊಟ್ಟೆ ದಪ್ಪವಾದದ್ದಕ್ಕೆ ಜಾಗ ಹೊಂದಿಸಲು ಕ್ಯಾಬನ್ನು ಕೆಳಗಿಳಿಸಿದ್ದರಂತೆ. ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಬಾಯ್ಲರು ಮಾತ್ರ, ಅದರಿಂದ ಹುಟ್ಟಿದ ಈ ತಪ್ಪು ಸಿಕ್ಕಿರಲಿಲ್ಲ.

"ಏಳಿ ಅಕ್ಕ, ಸ್ವಲ್ಪ ಗೋಡೆಗೆ ನಿಂತ್ಕೊಳ್ಳಿ," ಅಂದರು ಮಾಮ. ಅಮ್ಮನನ್ನು ನಾನು ಹಿಡಿದು ನಿಲ್ಲಿಸಿದೆ. ಹಿಮ್ಮಡಿ ಎತ್ತಿ, ಡಬ್ಬಿ ಹಿಡಿದವಳ ಹಾಗೆ ಎರಡೂ ಕೈ ಮೇಲೆ ನೀಡಿದಳು. ಮಾಮ ಪೆನ್ಸಿಲಿನಿಂದ ಗೋಡೆಯ ಮೇಲೆ ಗುರುತು ಮಾಡಿ, ನೆಲದಿಂದ ಟೇಪು ಹಿಡಿದು, ಇಪ್ಪತ್ತೆರಡೂವರೆಯಿಂದ ಭಾಗಿಸು ಎಂದು ನನಗೆ ಹೇಳಿದರು. ನಾನು ಭಾಗಿಸುತ್ತಿದ್ದಾಗ ಅವರು ತಡೆದರು. "ಆಗ ನಿಮ್ಮಮ್ಮ ಇನ್ನೂ ಎತ್ತರ ಇದ್ರಲ್ವಾ? ಈಗ ಎಷ್ಟು ಕುಗ್ಗಿದಾರೆ, ಎರಡಿಂಚು ಸೇರಿಸ್ಲಾ, ಮೂರಾ?"

"ಎರಡು ಸಾಕು," ಅಂದಳು ಅಮ್ಮ, ಕೈ ಇಳಿಸದೆ.