ಕಾಗದವಿಲ್ಲದ ಊರಿನಲ್ಲಿ ಎರಡನೇ ಹುಟ್ಟು

ಪುನರ್ಜನ್ಮದ ಕತೆಗಳು ನಮಗೆ ಹೊಸವೇನಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಮಗ ನವಿಲಾಗಿ, ತಾಯಿ ನಾಯಾಗಿ ಹುಟ್ಟಿ, ಸತ್ತು, ಮತ್ತೆ ಹುಟ್ಟಿ ಬವಣೆಪಡುತ್ತಾರೆ. ‘ಕಾದಂಬರಿ’ಯಲ್ಲಿ ಗಿಳಿಯೇ ತನ್ನ ಹಿಂದಿನ ಜನ್ಮಗಳ ಕತೆ ಹೇಳುತ್ತದೆ. ಈ ಕತೆಗಳಲ್ಲೆಲ್ಲ ಒಂದು ಲೆಕ್ಕ ಇದ್ದೇ ಇರುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಲೆಕ್ಕ. ಹಿಂದಿನ ಸಾಲ ತೀರುವವರೆಗೆ ಮುಂದಿನ ಬಾಗಿಲು ತೆರೆಯುವುದಿಲ್ಲ.

ಜಪಾನಿನವರು ಈಗ ಹತ್ತು ಹದಿನೈದು ವರ್ಷಗಳಿಂದ ಬೇರೊಂದು ಬಗೆಯ ಪುನರ್ಜನ್ಮದ ಕತೆಗಳನ್ನು ರಾಶಿರಾಶಿಯಾಗಿ ಬರೆಯುತ್ತಿದ್ದಾರೆ, ಅವನ್ನೇ ಚಲಿಸುವ ಚಿತ್ರಗಳ ಧಾರಾವಾಹಿ ಮಾಡುತ್ತಿದ್ದಾರೆ. ಈ ಜಾತಿಗೆ ‘ಇಸೆಕಾಯಿ’ ಎಂದು ಹೆಸರು. ಕೇಳಿದರೆ ಯಾವುದೋ ಊರಿನ ತರಕಾರಿ ಎನಿಸೀತು. ಅರ್ಥ ‘ಬೇರೆ ಲೋಕ’ ಎಂದಷ್ಟೇ. ಕತೆಯ ಮಾದರಿ ಸರಳ. ಯಾರಿಗೂ ಬೇಡವಾಗಿ ಬದುಕುತ್ತಿದ್ದ ಒಬ್ಬ ಹುಡುಗನೋ ಗಂಡಸೋ ಲಾರಿಗೆ ಸಿಕ್ಕಿ ಸಾಯುತ್ತಾನೆ. ಕಣ್ಣು ಬಿಟ್ಟರೆ ಮಂತ್ರ, ಕತ್ತಿ, ರಾಕ್ಷಸರ ಇನ್ನೊಂದು ಲೋಕ. ಅಲ್ಲಿ ಅವನಿಗೆ ಯಾರಿಗೂ ಇಲ್ಲದ ಶಕ್ತಿ, ಸುತ್ತ ಮೆಚ್ಚುವ ಹುಡುಗಿಯರು. ಪಾಪಪುಣ್ಯದ ಲೆಕ್ಕವಿಲ್ಲ, ಬಿಟ್ಟುಬಂದ ಮನೆಯವರ ನೆನಪೂ ಹೆಚ್ಚಿಲ್ಲ. ಹಿಂದಿನ ಜನ್ಮ ಎಂಬುದು ಅಲ್ಲಿ ಸಾಲವಲ್ಲ, ಬರಿಯ ಬಂಡವಾಳ. ನಮ್ಮ ಮನೆಯ ಹುಡುಗರು ಇಂಥವನ್ನು ಫೋನಿನಲ್ಲಿ ನೋಡುತ್ತ ಊಟದ ತಟ್ಟೆಯ ಮುಂದೆ ಮೈಮರೆಯುವುದನ್ನು ನೀವೂ ಕಂಡಿರಬಹುದು.

ಈ ರಾಶಿಯಲ್ಲಿ ಒಂದನ್ನು ಮಾತ್ರ ನಾನು ಎತ್ತಿ ಬೇರೆ ಇಡುತ್ತೇನೆ. ಅದರ ಹೆಸರು ‘ಹೊನ್‌ಜುಕಿ ನೊ ಗೆಕೊಕುಜೋ’. ‘ಹೊನ್‌ಜುಕಿ’ ಎಂದರೆ ಪುಸ್ತಕದ ಹುಚ್ಚಿನವಳು. ‘ಗೆಕೊಕುಜೋ’ ಎಂದರೆ ಕೆಳಗಿನವರು ಮೇಲಿನವರನ್ನು ಮೀರುವುದು. ಮಿಯಾ ಕಝುಕಿ ಅವರು ಇದನ್ನು 2013ರಿಂದ 2017ರವರೆಗೆ ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಬರೆದರು. 2015ರಿಂದ ಪುಸ್ತಕವಾಗಿ ಬರತೊಡಗಿ 2023ರಲ್ಲಿ 33ನೇ ಸಂಪುಟಕ್ಕೆ ಮುಗಿಯಿತು. ಚಿತ್ರಧಾರಾವಾಹಿಯ ಮೊದಲ ಮೂರು ಭಾಗಗಳು 2019, 2020 ಮತ್ತು 2022ರಲ್ಲಿ ಬಂದವು; ಒಟ್ಟು 36 ಕಂತು. ನಿರ್ದೇಶಕರು ಮಿತ್ಸುರು ಹೊಂಗೊ. ನಮ್ಮ ಮಕ್ಕಳು ಟಿ.ವಿ.ಯಲ್ಲಿ ಕಂಡು ನಕ್ಕ ಶಿನ್‌ಚಾನ್ ಎಂಬ ತುಂಟನ ಸರಣಿ ಜಪಾನಿನಲ್ಲಿ 1992ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಇವರೇ. ನಾನು ನೋಡಿದ್ದು ಆ 36 ಕಂತುಗಳನ್ನು, ಜಪಾನಿ ಮಾತಿನಲ್ಲಿ, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಹಿಡಿದು. ಇಲ್ಲಿ ಹೇಳುವುದೂ ಅಷ್ಟರ ಮಾತನ್ನೇ.

ಉರಾನೊ ಎಂಬ ಯುವತಿಗೆ ಊಟ ನಿದ್ದೆಗಿಂತ ಪುಸ್ತಕ ದೊಡ್ಡದು. ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು ಎನ್ನುವ ಹೊತ್ತಿಗೆ ಭೂಕಂಪವಾಗಿ, ತನ್ನದೇ ಪುಸ್ತಕಗಳ ರಾಶಿ ಮೈಮೇಲೆ ಬಿದ್ದು ಸಾಯುತ್ತಾಳೆ. ಎಚ್ಚರವಾದಾಗ ಅವಳು ಮೈನ್ ಎಂಬ ಐದು ವರ್ಷದ ರೋಗಿಷ್ಟ ಹುಡುಗಿ. ಅಪ್ಪ ಗುಂಟರ್ ಊರ ಬಾಗಿಲು ಕಾಯುವ ಸಿಪಾಯಿ, ಅಮ್ಮ ಏಫಾ ಬಟ್ಟೆಗೆ ಬಣ್ಣ ಹಾಕುವವಳು, ಅಕ್ಕ ತೂಲಿ ಹೊಲಿಗೆಯ ಕೈ ಇರುವ ಜಾಣೆ. ಹೊಗೆ ಹಿಡಿದ ಮನೆ, ಎರಡು ಹೆಜ್ಜೆ ನಡೆದರೆ ಏದುಸಿರು. ಪುಸ್ತಕ ಮಾತ್ರ ಎಲ್ಲಿಯೂ ಇಲ್ಲ. ಆ ಊರಿನಲ್ಲಿ ಪುಸ್ತಕವೆಂದರೆ ತೊಗಲಿನ ಹಾಳೆಯ ಮೇಲೆ ಕೈಯಲ್ಲಿ ಬರೆದದ್ದು, ಸಿರಿವಂತರ ಸ್ವತ್ತು. ಸಿಪಾಯಿಯ ಮಗಳಿಗೆ ಅಕ್ಷರವೂ ಇಲ್ಲ. ಓದಲು ಪುಸ್ತಕವಿಲ್ಲದಿದ್ದರೆ ತಾನೇ ಮಾಡುತ್ತೇನೆ ಎಂದು ಈ ಹುಡುಗಿ ಹೊರಡುತ್ತಾಳೆ. ಉಳಿದ ಇಸೆಕಾಯಿಗಳ ನಾಯಕರು ಕತ್ತಿ ಹುಡುಕುವ ಕಡೆ ಇವಳು ಹುಡುಕುವುದು ಹುಲ್ಲು, ಮಣ್ಣು, ತೊಗಟೆ.

ಇಲ್ಲಿಂದ ಮುಂದಿನ ಕಂತುಗಳೇ ನನಗೆ ಬಹಳ ಹಿಡಿಸಿದ್ದು. ಹುಲ್ಲಿನ ನಾರು ಹೆಣೆದು ಹಾಳೆ ಮಾಡಹೋದರೆ ಅಂಗೈಯಗಲ ಆಗುವಷ್ಟರಲ್ಲಿ ಕೈ ಸೋಲುತ್ತದೆ. ಜೇಡಿಮಣ್ಣಿನ ಹಲಗೆಯ ಮೇಲೆ ಬರೆದರೆ ಓರಗೆಯ ಹುಡುಗರು ತುಳಿದು ಹಾಳುಮಾಡುತ್ತಾರೆ. ಕೊನೆಗೆ ಮರದ ಸೀಳುಗಳ ಮೇಲೆ ಬರೆದು ಜೋಡಿಸಿಟ್ಟರೆ ಅಮ್ಮ ಅದನ್ನು ಒಲೆಗೆ ಹಾಕಿಬಿಡುತ್ತಾಳೆ! ಏಫಾ ಕೆಟ್ಟವಳಲ್ಲ. ಅಕ್ಷರ ಗೊತ್ತಿಲ್ಲದವಳಿಗೆ ಅದು ಕಾಡಿನಿಂದ ಆಯ್ದು ತಂದ ಪುಳ್ಳೆ ಸೌದೆ. ಮಗಳಿಗೆ ಮಾತ್ರ ಅದು ಲೋಕ. ಇಬ್ಬರ ಮೇಲೂ ತಪ್ಪು ಹೊರಿಸದೆ ಈ ಸಂಗತಿಯನ್ನು ತೋರಿಸಿರುವುದು ಧಾರಾವಾಹಿಯ ದೊಡ್ಡ ಗುಣ.

ಇದನ್ನು ನೋಡುವಾಗ ನನಗೆ ನಮ್ಮ ದೊಡ್ಡಮ್ಮನ ನೆನಪಾಯಿತು. ‘ಸುಧಾ’, ‘ಪ್ರಜಾಮತ’ಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಪುಟಗಳನ್ನು ಅವರು ವಾರವಾರವೂ ಕತ್ತರಿಸಿ ಇಡುತ್ತಿದ್ದರು. ಕತೆ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ, ದಬ್ಬಣದಲ್ಲಿ ತೂತು ಹೊಡೆದು, ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮೈದಾ ಅಂಟಿನಲ್ಲಿ ಹಚ್ಚಿ ಹೊದಿಕೆ ಮಾಡುತ್ತಿದ್ದರು. ಅಂಗಡಿಯ ಪುಸ್ತಕಕ್ಕೆ ಕಾಸು ಕೇಳುವ ಧೈರ್ಯ ಆ ಮನೆಯಲ್ಲಿ ಯಾವ ಹೆಂಗಸಿಗೂ ಇರಲಿಲ್ಲ. ಒಂದು ಸಲ ಮನೆಗೆ ಸುಣ್ಣ ಹೊಡೆಯುವಾಗ ಆ ಕಟ್ಟುಗಳೆಲ್ಲ ರದ್ದಿಯವನ ತಕ್ಕಡಿ ಏರಿದವು. ಹಾಕಿದವರಿಗೆ ಅದು ಹಳೆಯ ಪೇಪರು. ದೊಡ್ಡಮ್ಮ ಏನೂ ಹೇಳಲಿಲ್ಲ. ಮುಂದಿನ ವಾರದಿಂದ ಮತ್ತೆ ಕತ್ತರಿಸತೊಡಗಿದರು. ನಿಮ್ಮ ಮನೆಗಳಲ್ಲೂ ಇಂಥ ಹೊಲಿದ ಪುಸ್ತಕಗಳು ಇದ್ದಿರಬೇಕು. ಪುಸ್ತಕವನ್ನು ಕೈಯಾರೆ ಮಾಡಿಕೊಂಡ ಓದುಗಿತ್ತಿಯರ ಸಾಲಿಗೆ ಸೇರಿದವಳು ಈ ಮೈನ್. ಹಾಗಾಗಿ ದೂರದ ಜಪಾನಿನವರು ಕಲ್ಪಿಸಿದ ಇನ್ನೂ ದೂರದ ಲೋಕ ನನಗೆ ಅಷ್ಟೇನೂ ದೂರವೆನಿಸಲಿಲ್ಲ.

ಈಗ ಒಂದು ಸೂಕ್ಷ್ಮ ನೋಡಿ. ಮೈನ್‌ಗೆ ಹೊಸ ಲೋಕದಲ್ಲಿ ಮೊದಲು ಒದಗಿದ್ದು ಓದಿದ ಪುಸ್ತಕಗಳಷ್ಟೇ ಅಲ್ಲ, ಹಿಂದಿನ ಜನ್ಮದ ಅಮ್ಮನ ಹವ್ಯಾಸಗಳು. ಆ ತಾಯಿ ಒಂದು ತಿಂಗಳು ಬುಟ್ಟಿ ಹೆಣೆದರೆ ಇನ್ನೊಂದು ತಿಂಗಳು ಕ್ರೋಷಾ ಹಿಡಿಯುವವಳು. ಪುಸ್ತಕ ಹಿಡಿದು ಕೂತ ಮಗಳನ್ನೂ ಎಳೆದು ಕೂರಿಸುವವಳು. ಮಗಳು ಗೊಣಗುತ್ತಲೇ ಕಲಿತದ್ದು. ಆ ಗೊಣಗಿದ ವಿದ್ಯೆಯೇ ಇಲ್ಲಿ ಅನ್ನಕ್ಕೆ ದಾರಿಯಾಗುತ್ತದೆ. ಅಪ್ಪ ಕೊರೆದುಕೊಟ್ಟ ಕೊಕ್ಕೆಕಡ್ಡಿಯಲ್ಲಿ ಅಕ್ಕನ ಮುಡಿಗೆ ದಾರದ ಹೂ ಹೆಣೆಯುತ್ತಾಳೆ. ಆ ಹೂವೇ ಮುಂದೆ ಮಾರಾಟದ ಸರಕಾಗುತ್ತದೆ. ಸೀಗೆ, ಅಂಟುವಾಳ ಕಾಣದ ಊರಿನಲ್ಲಿ ಹಣ್ಣಿನ ಎಣ್ಣೆ ಹಿಂಡಿ ತಲೆ ತೊಳೆಯುವ ಪಾಕ ಮಾಡುತ್ತಾಳೆ. ಚಳಿಗಾಲದ ಹಣ್ಣೊಂದರ ರಸ, ಎಣ್ಣೆ ಹಿಂಡಿದ ಮೇಲೆ ಉಳಿದ ಹಿಂಡಿಯನ್ನು ಜನ ಕೋಳಿಗೆ ಹಾಕುವವರು. ಅದಕ್ಕೇ ಮೊಟ್ಟೆ, ಹಾಲು ಸೇರಿಸಿ ದೋಸೆಯಂತೆ ಹುಯ್ದು ಗೆಳೆಯ ಲುಟ್ಸ್‌ನ ಹಸಿದ ಅಣ್ಣಂದಿರ ಹೊಟ್ಟೆ ತುಂಬಿಸುತ್ತಾಳೆ. ಕಾಗದವೂ ಹಾಗೆಯೇ. ತೊಗಟೆ ಬೇಯಿಸಿ, ಬೂದಿ ನೀರಿನಲ್ಲಿ ಕುದಿಸಿ, ಬಡಿದು, ಲೋಳೆ ಬೆರೆಸಿ, ಜಾಲರಿಯಲ್ಲಿ ಎತ್ತಿ ಒಣಗಿಸುವ ಜಪಾನಿನ ಕೈಕಾಗದದ ಕ್ರಮ ಅವಳಿಗೆ ತಲೆಯಲ್ಲಿ ಗೊತ್ತು. ಮಾಡುವ ತೋಳು ಲುಟ್ಸ್‌ನದು, ಹಣ ಬೆನ್ನೋ ಎಂಬ ವ್ಯಾಪಾರಿಯದು. ತಿಳಿದವರು ಮತ್ತು ಮಾಡುವವರು ಬೇರೆಬೇರೆಯಾದರೆ ಒಂದು ಹಾಳೆಯೂ ಹುಟ್ಟುವುದಿಲ್ಲ ಎಂದು ಇಷ್ಟು ವಿವರವಾಗಿ, ಇಷ್ಟು ನಿಧಾನವಾಗಿ ಹೇಳುವ ಕತೆ ಅಪರೂಪ.

ಎರಡನೇ ಭಾಗದ ಕೊನೆಯ ಹೊತ್ತಿಗೆ ದೇವಾಲಯದ ಅಧಿಕಾರಿ ಫರ್ಡಿನಾಂಡ್ ಮಂತ್ರಸಾಧನದಿಂದ ಅವಳ ನೆನಪಿನೊಳಗೆ ಇಳಿಯುತ್ತಾನೆ. ಅವಳೂ ಆ ದಾರಿಯಲ್ಲೇ ಮತ್ತೆ ಹಳೆಯ ಮನೆಗೆ ಹೋಗುತ್ತಾಳೆ. ಅಮ್ಮ ಮಾಡಿದ ಅಡುಗೆ ಉಣ್ಣುತ್ತಾಳೆ, ಅಳುತ್ತಾಳೆ. ಮಗಳು ಮೊದಲೇ ಸತ್ತಳು, ಅಮ್ಮನಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ ಎಂಬ ಅಳು ಅದು. ಸತ್ತು ಹುಟ್ಟಿದವರಿಗೆ ಹಿಂದಿನವರ ಋಣ ಇದೆ ಎಂದು ಈ ಜಾತಿಯ ಕತೆಯೊಂದು ಕಡೆಗೂ ಒಪ್ಪಿತಲ್ಲ ಎಂದು ನನಗೆ ಸಮಾಧಾನವಾಯಿತು.

ಆದರೆ ಇನ್ನೊಂದು ಋಣ ಉಳಿದೇ ಇದೆ. ಆ ಪುಟ್ಟ ಮೈನ್ ಎಲ್ಲಿ ಹೋದಳು? ಕನ್ನಡದ ಕಿವಿಗೆ ಅವಳ ಹೆಸರಿನಲ್ಲೇ ‘ಮೈ’ ಕೇಳಿಸುತ್ತದೆ. ಮೈ ಅವಳದು, ಒಳಗೆ ಬಂದು ಕೂತವಳು ಬೇರೆ. ಇದನ್ನು ಪುನರ್ಜನ್ಮವೆನ್ನುವುದಕ್ಕಿಂತ ಪರಕಾಯಪ್ರವೇಶ ಎನ್ನುವುದೇ ಸರಿ. ಅಮರುಕ ರಾಜನ ಕಳೇಬರವನ್ನು ಹೊಕ್ಕ ಶಂಕರರ ಕತೆಯಲ್ಲಿ ಅವರ ಸ್ವಂತ ದೇಹವನ್ನು ಶಿಷ್ಯರು ಕಾದಿಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಅವರು ಹಿಂದಿರುಗುತ್ತಾರೆ. ಇಲ್ಲಿ ಹಿಂದಿರುಗುವ ದಾರಿಯಿಲ್ಲ. ಮಗು ಜ್ವರದಲ್ಲಿ ತೀರಿಕೊಂಡಿದೆ, ಮನೆಯವರಿಗೆ ಗೊತ್ತಿಲ್ಲ. ಲುಟ್ಸ್ ಒಬ್ಬನೇ ಅದನ್ನು ಕಂಡುಹಿಡಿಯುತ್ತಾನೆ. ನೀನು ಯಾರು, ನಮ್ಮ ಮೈನ್‌ಳನ್ನು ಕೊಡು ಎಂದು ಎದುರು ನಿಲ್ಲುತ್ತಾನೆ. ನಾನು ಹೋಗಬೇಕೆಂದರೆ ಜ್ವರಕ್ಕೆ ನನ್ನನ್ನು ಒಪ್ಪಿಸಿಕೊಂಡು ಹೋಗಿಬಿಡುತ್ತೇನೆ ಎಂದು ಅವಳೂ ತಣ್ಣಗೆ ಹೇಳುತ್ತಾಳೆ. ಹುಡುಗ ಯೋಚಿಸಿ, ತಾನು ಬಲ್ಲ ಮೈನ್ ಹೆಚ್ಚುಪಾಲು ನೀನೇ ಎಂದು ಒಪ್ಪಿಕೊಳ್ಳುತ್ತಾನೆ. ಸಂಗೀತದ ಅಬ್ಬರವಿಲ್ಲದ ಆ ಮಾತುಕತೆ ಇಡೀ ಧಾರಾವಾಹಿಯ ಅತ್ಯಂತ ಗಟ್ಟಿಯಾದ ಜಾಗ. ಮೈನ್‌ಗೆ ದನಿ ಕೊಟ್ಟ ಯುಕಾ ಇಗುಚಿ ಇಲ್ಲಿ ಮಗುವಿನ ದನಿಯಲ್ಲೇ ದೊಡ್ಡವಳ ದಣಿವನ್ನು ಕೇಳಿಸುತ್ತಾರೆ.

ನನ್ನ ತಕರಾರು ಇರುವುದೂ ಇಲ್ಲಿಯೇ. ಗೆಳೆಯ ಒಪ್ಪಿದ ಮೇಲೆ ಧಾರಾವಾಹಿ ಆ ಪ್ರಶ್ನೆ ಮುಗಿಯಿತೆಂದು ಕೈತೊಳೆದುಕೊಳ್ಳುತ್ತದೆ. ಹೆತ್ತ ಏಫಾಳ ಮುಂದೆ ಅದು ಬರುವುದೇ ಇಲ್ಲ. ಪ್ರತಿ ಜ್ವರದಲ್ಲೂ ರಾತ್ರಿಯಿಡೀ ಹಣೆಗೆ ತಣ್ಣೀರು ಬಟ್ಟೆ ಹಾಕಿದವಳಿಗೆ ತಾನು ಕಳೆದುಕೊಂಡ ಮಗುವಿಗಾಗಿ ಒಂದು ಹನಿ ಕಣ್ಣೀರಿನ ಹಕ್ಕೂ ಸಿಗುವುದಿಲ್ಲ. ಕತೆಗೆ ಅನುಕೂಲವಾಗಲೆಂದು ತಾಯಿಯನ್ನು ಕತ್ತಲಲ್ಲಿ ಇಡುವುದು ಹಳೆಯ ಚಾಳಿ. ಇಷ್ಟು ಒಳ್ಳೆಯ ಕತೆಯೂ ಅದನ್ನು ಬಿಡಲಿಲ್ಲ.

ಇನ್ನೂ ಕೆಲವು ಕೊರತೆಗಳಿವೆ. ಹೆಸರಿನಲ್ಲಿ ಕೆಳಗಿನವರು ಮೇಲೇರುವ ಮಾತಿದ್ದರೂ ಏರುವವಳು ಒಬ್ಬಳೇ, ಏಣಿ ಹಾಗೇ ನಿಂತಿರುತ್ತದೆ. ದೇವಾಲಯದ ಅನಾಥಮಕ್ಕಳು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿರುವುದನ್ನು ಕಂಡು ಅವಳು ಮರುಗುತ್ತಾಳೆ, ಕಾಗದ ಮಾಡುವ ಕೆಲಸ ಕೊಟ್ಟು ಅವರ ಊಟಕ್ಕೆ ದಾರಿ ಮಾಡುತ್ತಾಳೆ. ಒಳ್ಳೆಯದೇ. ಆದರೆ ಅವರನ್ನು ಆ ಸ್ಥಿತಿಗೆ ತಂದವರನ್ನು ಕತೆ ಗಟ್ಟಿಯಾಗಿ ಕೇಳುವುದಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದುಕೊಡುವ ವಿಲ್ಮಾಳಿಗೆ ಗಂಡಸರೆಂದರೆ ಭಯ. ಆ ಭಯದ ಹಿಂದೆ ಏನಿದೆಯೋ ಅದನ್ನು ಓರೆಗಣ್ಣಿನಿಂದ ನೋಡಿ ಮುಂದೆ ಹೋಗುತ್ತದೆ. ಚಿತ್ರಗಳೂ ಬಹಳ ಕಡೆ ಬಡವಾಗಿವೆ. ನಿಂತಲ್ಲೇ ನಿಂತ ಮುಖಗಳು ಬಾಯಿ ಮಾತ್ರ ಆಡಿಸುತ್ತವೆ. ಮೊದಲ ಕಂತುಗಳಲ್ಲಿ ನಾಯಕಿ ಎಲ್ಲವನ್ನೂ ಕೊಳಕು ಕೊಳಕು ಎಂದು ಮೂಗು ಮುರಿಯುವಾಗ, ನೀರು ಹೊತ್ತು ಮೆಟ್ಟಿಲು ಹತ್ತುವವರ ಮನೆಯಲ್ಲಿ ನಿಂತು ಆಡುವ ಮಾತೇ ಇದು ಎಂದು ಸಿಟ್ಟೂ ಬರುತ್ತದೆ.

ಮೂರನೇ ಭಾಗದ ಕೊನೆ ಈ ಸಿಟ್ಟನ್ನೆಲ್ಲ ತೊಳೆಯುತ್ತದೆ. ಮೈನ್‌ಳ ಮೈಯಲ್ಲಿರುವ ಮಂತ್ರಶಕ್ತಿಗಾಗಿ ಮೇಲಿನವರು ಬೆನ್ನು ಹತ್ತುತ್ತಾರೆ. ಮನೆಯವರು ಉಳಿಯಬೇಕಾದರೆ ಅವಳು ಸತ್ತಳೆಂದು ಊರಿಗೆ ಸಾರಿ, ರೋಜ್‌ಮೈನ್ ಎಂಬ ಹೊಸ ಹೆಸರಿನಲ್ಲಿ ನಾಡಿನ ಒಡೆಯನ ದತ್ತುಮಗಳಾಗಬೇಕು. ಇನ್ನು ಮೇಲೆ ಅಪ್ಪ ಅಮ್ಮ ಎಂದು ಕರೆಯುವಂತಿಲ್ಲ. ಅಮ್ಮನ ತೋಳಿನಲ್ಲಿ ಹೊಸದಾಗಿ ಹುಟ್ಟಿದ ತಮ್ಮ. ನಿನ್ನ ಬಟ್ಟೆ ನಾನೇ ಹೊಲಿಯುವಷ್ಟು ದೊಡ್ಡ ಹೊಲಿಗೆಯವಳಾಗುತ್ತೇನೆ ಎನ್ನುತ್ತಾಳೆ ತೂಲಿ. ಮಗಳು ತನ್ನವರನ್ನೆಲ್ಲ ಹರಸಿ ಬೀಳ್ಕೊಡುತ್ತಾಳೆ.

ಇದನ್ನು ನೋಡಿ ಹುಡುಗರು ಮಂತ್ರದ ಬೆಳಕು ಚೆನ್ನಾಗಿದೆ ಎಂದಾರು. ನಮಗೆ ಕಾಣುವುದು ಬೇರೆ. ಧಾರೆ ಎರೆದ ಮೇಲೆ ಹೆಸರು ಬದಲಾಯಿಸುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಇತ್ತಲ್ಲ! ತವರಿನ ಹೆಸರು ಅಕ್ಕಿಯ ತಟ್ಟೆಯಲ್ಲಿ ಅಳಿಸಿ ಹೋಗಿ, ಹೊಸ ಹೆಸರು, ಹೊಸ ಗೋತ್ರ, ಹೊಸ ಒಲೆ. ನಮ್ಮ ದೊಡ್ಡಮ್ಮನಿಗೂ ಎರಡು ಹೆಸರು; ಮೊದಲನೆಯದನ್ನು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋದರು. ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡೇ ಬೇರೆ ಲೋಕದಲ್ಲಿ ಹುಟ್ಟುವುದು ಎಂದರೆ ಏನೆಂದು ಹೆಣ್ಣುಮಕ್ಕಳಿಗೆ ಜಪಾನಿನವರು ಹೇಳಿಕೊಡಬೇಕಾಗಿಲ್ಲ. ಆ ಎರಡನೇ ಲೋಕಕ್ಕೆ ಹೋಗುವಾಗ ಅವರ ಕೈಯಲ್ಲಿ ಇದ್ದದ್ದು ಏನು? ಅಮ್ಮ ಗದರಿಸಿ ಕಲಿಸಿದ ಹೊಲಿಗೆ, ಅಡುಗೆ, ನಾಲ್ಕು ಹಾಡು, ಕೆಲವರಿಗೆ ಓದಿನ ಹುಚ್ಚು.

ಕತ್ತಿಯಿಂದ ಲೋಕ ಗೆಲ್ಲುವ ನೂರು ಇಸೆಕಾಯಿಗಳ ನಡುವೆ ಈ ಒಂದು, ಇಷ್ಟನ್ನೇ ಗಂಟುಕಟ್ಟಿಕೊಂಡು ಹೋದವಳನ್ನು ನಾಯಕಿಯೆಂದು ಕರೆದಿದೆ. ಅದಕ್ಕಾಗಿ ಅದರ ಬಡವಾದ ಚಿತ್ರಗಳನ್ನೂ ಅರ್ಧಕ್ಕೆ ಬಿಟ್ಟ ಪ್ರಶ್ನೆಗಳನ್ನೂ ನಾನು ಸಹಿಸಿಯೇನು. ಮನೆಯ ಮಕ್ಕಳು ನೋಡುತ್ತಿದ್ದರೆ ನೀವೂ ಪಕ್ಕದಲ್ಲಿ ಕೂತು ನೋಡಿ. ಕಾಗದ ಮಾಡುವ ಕಂತು ಬಂದಾಗ ಅವರಿಗೆ ಕೇಳಿ, ಆ ತೊಗಟೆ ಬಡಿದ ಕೈ ಯಾರದು, ಆ ಮೈಯಲ್ಲಿ ಮೊದಲು ಇದ್ದ ಮಗು ಎಲ್ಲಿ ಎಂದು. ಧಾರಾವಾಹಿ ಕೇಳದೆ ಬಿಟ್ಟದ್ದನ್ನು ನಾವಾದರೂ ಕೇಳಬೇಕು.